ಹೊಸ ದಾನಿಗೆ ಮೊದಲು ಹಳೆಯ ದಾನಿಗೊಂದು ಪತ್ರ

‘ಡೊನೇಷನ್’ ಎಂದರೆ ಕರ್ನಾಟಕದ ಪೋಷಕರಿಗೆ ನೆನಪಾಗುವುದು ದಾನವಲ್ಲ, ಸೀಟಿಗಾಗಿ ರಸೀದಿಯಿಲ್ಲದೆ ತೆತ್ತ ಹಣ. 1984ರಲ್ಲೇ ರಾಜ್ಯ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಸೂಲಿಯನ್ನು ಅಸಾಂವಿಧಾನಿಕ ಎಂದಿತು. ಆದರೂ ಪದಕ್ಕೆ ಅಂಟಿದ ಮಸಿ ಹೋಗಿಲ್ಲ. ಅದರ ದಂಡ ತೆರುತ್ತಿರುವುದು ಆ ಪಾಪ ಮಾಡದ ಸರ್ಕಾರಿ ವಿಶ್ವವಿದ್ಯಾಲಯಗಳು. ದೇಣಿಗೆ ಕೇಳುವುದೆಂದರೆ ಅವುಗಳಿಗೆ ಒಂದು ಬಗೆಯ ಮುಜುಗರ.

ಮುಜುಗರಪಡುವ ಕಾಲ ಇದಲ್ಲ. ನಿವೃತ್ತರ ಪಿಂಚಣಿ ಹೊರೆ ಏರುತ್ತಿದೆ, ಪಾಠ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಸಂಪನ್ಮೂಲದ ಕೊರತೆಯ ಚರ್ಚೆ ಎಲ್ಲಿಗೆ ಮುಟ್ಟಿತೆಂದರೆ, 9 ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂದು 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೇ ಶಿಫಾರಸು ಮಾಡಿತು.

ಹಾಗಾದರೆ ಕೊಡುವವರಿಲ್ಲವೇ? ಇದೇ ಬೆಂಗಳೂರಿನಲ್ಲಿದ್ದಾರೆ. ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 425 ಕೋಟಿ ರೂಪಾಯಿ ನೀಡಿದರು. 2023ರಲ್ಲಿ ನಂದನ್ ನಿಲೇಕಣಿ ತಾವು ಓದಿದ ಬಾಂಬೆ ಐಐಟಿಗೆ 315 ಕೋಟಿ ರೂಪಾಯಿ ಕೊಟ್ಟರು. ಎರಡೂ ಒಂದು ಸಂಜೆಯ ಸನ್ಮಾನ ಸಮಾರಂಭದಲ್ಲಿ ಹುಟ್ಟಿದ ಔದಾರ್ಯವಲ್ಲ. ನಿಲೇಕಣಿ ಅಲ್ಲಿಗೆ ಸೇರಿದ್ದು 1973ರಲ್ಲಿ; 315 ಕೋಟಿಗೆ ಮೊದಲೇ 85 ಕೋಟಿ ಕೊಟ್ಟಿದ್ದರು. ಮೊದಲ ಕಂತು ಸರಿಯಾಗಿ ಬಳಕೆಯಾದುದನ್ನು ಕಂಡವರು ಮಾತ್ರ ಎರಡನೆಯದನ್ನು ಕೊಡುತ್ತಾರೆ. ವಿಜ್ಞಾನ ಸಂಸ್ಥೆಯೂ ‘ದಯವಿಟ್ಟು ಸಹಾಯ ಮಾಡಿ’ ಎಂದಷ್ಟೇ ಹೇಳಲಿಲ್ಲ. ವೈದ್ಯಕೀಯ ಶಾಲೆ, ಅದಕ್ಕೆ 800 ಹಾಸಿಗೆಗಳ ಆಸ್ಪತ್ರೆ ಎಂಬ ಸ್ಪಷ್ಟ ಯೋಜನೆ ಮುಂದಿಟ್ಟಿತು. ಹಳೆಯ ವಿದ್ಯಾರ್ಥಿಗಳ ಸಂಪರ್ಕಕ್ಕೂ ದೇಣಿಗೆಗೂ ಅಲ್ಲಿ ಪ್ರತ್ಯೇಕ ಕಚೇರಿಯೇ ಇದೆ.

ಆ ಸಂಸ್ಥೆ ಹುಟ್ಟಿದ ಬಗೆಯೂ ಇದನ್ನೇ ಹೇಳುತ್ತದೆ. ಜೆ.ಎನ್. ಟಾಟಾ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಅದಕ್ಕೆ ಮುಡಿಪಿಟ್ಟದ್ದು 1898ರಲ್ಲಿ. ಅವರು 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟದ್ದು 1907ರಲ್ಲಿ, ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ವಿದೇಶದ ವಿಶ್ವವಿದ್ಯಾಲಯಗಳನ್ನು ನೋಡಿ ಬಂದು, ಯೋಜನೆ ಬರೆದು, ದಾನಿಯೇ ಇಲ್ಲವಾದ ಮೇಲೂ ಅದರ ಬೆನ್ನು ಬಿಡದಿದ್ದವರು ಬುರ್ಜೋರ್ಜಿ ಪಾದಶಹಾ. ಟಾಟಾ ಹೆಸರು ಎಲ್ಲರಿಗೂ ಗೊತ್ತು, ಪಾದಶಹಾ ಹೆಸರು ಬಲ್ಲವರು ವಿರಳ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಲ್ಲದಿರುವುದು ಈ ಎರಡನೆಯ ವ್ಯಕ್ತಿ.

ನಮ್ಮಲ್ಲಿರುವುದು ದತ್ತಿ. ತಂದೆಯ ಹೆಸರಲ್ಲಿ ಚಿನ್ನದ ಪದಕ, ಗುರುಗಳ ಹೆಸರಲ್ಲಿ ಉಪನ್ಯಾಸ. ಮನೆಯವರು ಕೊಟ್ಟ ಹಣ ನಿಶ್ಚಿತ ಠೇವಣಿಗೆ ಹೋಗುತ್ತದೆ, ಬಡ್ಡಿಯಲ್ಲಿ ಪದಕ ಬರುತ್ತದೆ. ಚಿನ್ನದ ದರ ಓಡಿತು, ಬಡ್ಡಿ ಕುಂಟಿತು. ಅಪ್ಪಟ ಪದಕದ ಜಾಗಕ್ಕೆ ಚಿನ್ನದ ಲೇಪ ಬಂತು. ತಾವಿಟ್ಟ ದತ್ತಿಯ ಪದಕ ಈ ವರ್ಷ ಯಾವ ಊರಿನ ಹುಡುಗಿಯ ಕೊರಳಿಗೆ ಬಿತ್ತು ಎಂಬುದನ್ನು ದಾನಿಯ ಮನೆಗೆ ತಿಳಿಸುವ ಹೊಣೆ ಯಾರದು? ಕಡತದ ಮಟ್ಟಿಗೆ ಸಿಂಡಿಕೇಟ್ ಒಪ್ಪಿಗೆ ಕೊಟ್ಟಲ್ಲಿಗೆ ದತ್ತಿಯ ಕತೆ ಮುಗಿಯಿತು.

ನಾಯಕತ್ವದ ಪ್ರಶ್ನೆ ಬರುವುದು ಇಲ್ಲಿ. ಕುಲಪತಿಯ ಅವಧಿ ನಾಲ್ಕು ವರ್ಷ. ದಾನಿಯ ವಿಶ್ವಾಸ ಬೆಳೆಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ದೇಣಿಗೆ ಕುಲಪತಿಯ ವೈಯಕ್ತಿಕ ವರ್ಚಸ್ಸಿನ ಮೇಲೆ ನಿಂತರೆ ಅವರೊಂದಿಗೇ ನಿರ್ಗಮಿಸುತ್ತದೆ. ಆದ್ದರಿಂದ ಕುಲಪತಿ ಬದಲಾದರೂ ಬದಲಾಗದ ಒಂದು ಕಾಯಂ ಕಚೇರಿ ಬೇಕು. ಹಳೆಯ ವಿದ್ಯಾರ್ಥಿಗಳ ಪಟ್ಟಿ, ದೇಣಿಗೆಗೆ ಪ್ರತ್ಯೇಕ ಖಾತೆ, ವರ್ಷಕ್ಕೊಮ್ಮೆ ಬಹಿರಂಗ ಲೆಕ್ಕ, ಇವು ಅದರ ಕೆಲಸ. ಕುಲಪತಿಯದು ಯಾವುದಕ್ಕೆ ಕೇಳಬೇಕೆಂದು ನಿರ್ಧರಿಸುವ ಕೆಲಸ, ಯಾವುದನ್ನು ಒಲ್ಲೆನೆನ್ನಬೇಕೆಂದು ನಿರ್ಧರಿಸುವ ಕೆಲಸವೂ ಹೌದು. ನೇಮಕಾತಿಯಲ್ಲೋ ಪಠ್ಯದಲ್ಲೋ ಮಾತು ನಡೆಯಬೇಕೆನ್ನುವ ದಾನಿಗೆ ಬಾಗಿಲು ಮುಚ್ಚುವ ನಿಯಮವನ್ನು ಹಣ ಬರುವ ಮೊದಲೇ ಬರೆದಿಡಬೇಕು. ದೊಡ್ಡ ದೇಣಿಗೆ ಸಾಮಾನ್ಯವಾಗಿ ಎಂಜಿನಿಯರಿಂಗ್, ವೈದ್ಯಕೀಯದತ್ತ ವಾಲುತ್ತದೆ; ಕನ್ನಡ, ಇತಿಹಾಸ, ತತ್ತ್ವಶಾಸ್ತ್ರ ವಿಭಾಗಗಳಿಗೂ ಪಾಲು ಸಿಗುವಂಥ ಸಾಮಾನ್ಯ ನಿಧಿಯೊಂದು ಇರಲೇಬೇಕು.

ಸರ್ಕಾರ ಇದನ್ನು ಅನುದಾನ ಕಡಿತಕ್ಕೆ ನೆಪ ಮಾಡಿಕೊಳ್ಳಬಾರದು. ಸಂಬಳ, ಪಿಂಚಣಿ ದಾನದಿಂದ ನಡೆಯುವಂಥವಲ್ಲ. ಗ್ರಂಥಾಲಯ, ವಿದ್ಯಾರ್ಥಿವೇತನ, ಪ್ರಯೋಗಾಲಯದ ಒಂದು ಉಪಕರಣ ನಡೆಯಬಹುದು.

ಇದಕ್ಕೆಲ್ಲ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ದತ್ತಿ ಕಡತಗಳು ಕುಲಸಚಿವರ ಕಚೇರಿಯಲ್ಲೇ ಇವೆ. ಈ ಘಟಿಕೋತ್ಸವ ಮುಗಿದ ವಾರದಲ್ಲೇ ಪ್ರತಿ ದಾನಿ ಕುಟುಂಬಕ್ಕೆ ಒಂದು ಪತ್ರ ಹೋಗಲಿ: ನಿಮ್ಮ ಹಣ ಇಷ್ಟಿದೆ, ಪದಕ ಇವರಿಗೆ ಸಂದಿದೆ. ಅದರಲ್ಲಿ ಏನನ್ನೂ ಕೇಳಬೇಡಿ.