ಶತ್ರು ನೊಣದ ಹೊಟ್ಟೆಯೊಳಗಿದೆ

ಧಾರವಾಡದ ಆಪೂಸು ಮಾವು ಉಳಿಯಬೇಕಾದರೆ ಹಣ್ಣುನೊಣಕ್ಕೆ ಇನ್ನೂ ಕಡುವಾದ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಬೇಕೆಂಬ ಅಭಿಪ್ರಾಯವನ್ನು ಒಪ್ಪಲಾಗದು. ನೊಣ ಒಂಟಿಯಲ್ಲ, ಅದರ ಕರುಳಿನ ಬ್ಯಾಕ್ಟೀರಿಯಾಗಳು ಅದರ ಬೆನ್ನಿಗಿವೆ. ಹೆಣ್ಣು ನೊಣ ಸಿಪ್ಪೆ ಚುಚ್ಚಿ ಮೊಟ್ಟೆಯಿಡುವಾಗ ಅವೂ ಹಣ್ಣಿನೊಳಗೆ ಸೇರುತ್ತವೆ. ತಿರುಳು ಕೊಳೆತು ಹುಳುವಿಗೆ ಆಹಾರವಾಗುತ್ತದೆ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ಕಲೆ ಮಾತ್ರ. ಸಿಪ್ಪೆಯ ಮೇಲೆ ಬಿದ್ದ ಎಣ್ಣೆ ಒಳಗಿನ ಹುಳುವನ್ನು ಮುಟ್ಟುವುದು ಕಷ್ಟ. ಮಾವನ್ನು ಕಾಡುವ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ನೊಣದ ಕರುಳಿನಲ್ಲಿರುವ ಸಿಟ್ರೋಬ್ಯಾಕ್ಟರ್ ಬ್ಯಾಕ್ಟೀರಿಯಾ, ಟ್ರೈಕ್ಲೋರ್‌ಫಾನ್ ಎಂಬ ಕೀಟನಾಶಕವನ್ನೇ ಒಡೆದು ನೊಣವನ್ನು ಉಳಿಸಬಲ್ಲದೆಂದು 2017ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದ್ದಾರೆ.

ಅದು ಪ್ರಯೋಗಾಲಯದ ಮಾತು, ಕಾಯಿ ಬಲಿತಾಗ ರೈತ ಕಾಯಲಾರ ಎನ್ನಬಹುದು. ಎಲ್ಲ ಎಣ್ಣೆಗೂ ಆ ಮಾತು ಅನ್ವಯಿಸದು, ನಿಜ. ಆದರೆ ರೈತ ಕಾಯಬೇಕಾಗಿಯೂ ಇಲ್ಲ. ಉದುರಿದ ಹಣ್ಣನ್ನು ಅಂದಂದೇ ಆರಿಸಿ ಆಳಕ್ಕೆ ಹೂಳಿದರೆ ಮುಂದಿನ ಪೀಳಿಗೆ ಅಲ್ಲೇ ನಿಲ್ಲುತ್ತದೆ. ಮಿಥೈಲ್ ಯೂಜಿನಾಲ್ ಬಲೆ ಸೆಳೆಯುವುದು ಗಂಡನ್ನು ಮಾತ್ರ, ಹೆಣ್ಣಿಗೆ ಪ್ರೋಟೀನ್ ಆಮಿಷ ಬೇಕು. ಬ್ಯಾಕ್ಟೀರಿಯಾದ ವಾಸನೆಗೂ ನೊಣ ಬರುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಆ ವಾಸನೆಯನ್ನೇ ಬಲೆಯಾಗಿಸುವ ಕೆಲಸಕ್ಕೆ ಹಣ ಹರಿಯಲಿ. ಎಣ್ಣೆಯ ಡಬ್ಬಿ ಕೊನೆಯ ಅಸ್ತ್ರವಾಗಿರಲಿ.