‘ವಯಸ್ಸಾಯಿತಲ್ಲ’ ಎಂಬುದು ಔಷಧವಲ್ಲ



ಟೀಚರಮ್ಮ ಇದನ್ನೆಲ್ಲ ಬರೆಯಬಾರದಿತ್ತೆಂದು ಕೆಲವರಿಗೆ ಅನಿಸಬಹುದು. ಅನಿಸಲಿ. ಮುಟ್ಟು ನಿಂತ ಮೇಲೆ ಕೆಮ್ಮಿದರೆ ಮೂತ್ರ ಜಿನುಗುವುದು, ಉರಿ, ಒಣಗುವಿಕೆ, ಮತ್ತೆ ಮತ್ತೆ ಅವಸರ, ಇವನ್ನೆಲ್ಲ ನಾನೂ ಅನುಭವಿಸಿದವಳು. ‘ವಯಸ್ಸಾಯಿತಲ್ಲ’ ಎಂಬ ಒಂದೇ ಮಾತು ನನ್ನ ಬಾಯಿ ಮುಚ್ಚಿಸಿತ್ತು.

ದೇಹದಲ್ಲಿ ಈಸ್ಟ್ರೊಜೆನ್ ಕುಗ್ಗಿದಾಗ ಆ ಭಾಗದ ಒಳಪದರ ತೆಳುವಾಗುತ್ತದೆ. ಇದು ಹಣೆಬರಹವಲ್ಲ, ಚಿಕಿತ್ಸೆಯುಳ್ಳ ತೊಂದರೆ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಆನಿಸಿ ಹಿಡಿಯುವ ಸ್ನಾಯುಗಳಿಗೆ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ವ್ಯಾಯಾಮವನ್ನು ವಿವರಿಸಿದರು. ಮೂತ್ರ ತಡೆಯುವಂತೆ ಬಿಗಿಹಿಡಿದು, ಐದು ಎಣಿಸಿ, ಪೂರ್ತಿ ಸಡಿಲಿಸುವುದು. ಹತ್ತು ಸಲ, ದಿನಕ್ಕೆ ಮೂರು ಬಾರಿ, ಕನಿಷ್ಠ ಮೂರು ತಿಂಗಳು. ಜಿನುಗುವಿಕೆಗೆ ಇದು ಮೊದಲ ಚಿಕಿತ್ಸೆ, ಕಾಸಿನ ಖರ್ಚಿಲ್ಲ. ಉರಿ, ಒಣಗುವಿಕೆಗೆ ವೈದ್ಯರು ಬರೆದುಕೊಡುವ ಈಸ್ಟ್ರೊಜೆನ್ ಮುಲಾಮಿದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರಂತೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಈಗ ಲೇಸರ್, ಕೆಂಪು ಬೆಳಕು ಎಂದು ಮಾರುವವರು ಬಂದಿದ್ದಾರೆ. ಇಂಥ ಲೇಸರ್ ಯಂತ್ರಗಳಿಂದ ಸುಟ್ಟಗಾಯ, ನೋವು ಆದೀತೆಂದು ಅಮೆರಿಕದ ಎಫ್‌ಡಿಎ 2018ರಲ್ಲಿ ಎಚ್ಚರಿಸಿತು. ಕೆಂಪು ಬೆಳಕಿನ ಚಿಕಿತ್ಸೆಗೂ ಪುರಾವೆ ಇನ್ನೂ ಅಲ್ಪ. ಸಾಬೀತಾದುದನ್ನು ಬಿಟ್ಟು ಮಿನುಗುವುದನ್ನು ಕೊಳ್ಳುವುದು ಯಾವ ಜಾಣತನ?

ಮೂಡಿಗೆರೆ, ಕಳಸದ ತೋಟಗಳಲ್ಲಿ ಕಾಫಿ ಕುಯ್ಯುವ ಹೆಂಗಸು ಮರೆಯಿಲ್ಲವೆಂದು ದಿನವಿಡೀ ನೀರನ್ನೇ ಕುಡಿಯದಿದ್ದರೆ, ಅವಳಿಗೆ ಯಾವ ವ್ಯಾಯಾಮ ಹೇಳಲಿ? ತೋಟದಲ್ಲಿ ಶೌಚಾಲಯವಿರಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆಯೇ ವಿಧಿಸಿತ್ತು. ತೋಟದ ಯಜಮಾನರಾಗಿರುವ ನನ್ನ ಹುಡುಗರೇ, ಹೊಸ ಪಲ್ಪರ್ ಕೊಳ್ಳುವ ಮೊದಲು ಅದನ್ನು ಕಟ್ಟಿಸಿ. ಹೆಣ್ಣುಮಕ್ಕಳೇ, ಇಂದು ರಾತ್ರಿ ನಿಮ್ಮ ಅಮ್ಮನನ್ನು ಒಮ್ಮೆ ಕೇಳಿ. ಅವರು ಹೇಳಲು ಕಾದಿರಬಹುದು.