ಪಿಕ್‌ನಿಕ್ ಬೇಡ, ಪಾಠವಾಗಲಿ

ಆರರಿಂದ ಎಂಟನೇ ತರಗತಿಯೊಳಗೆ ಮಕ್ಕಳಿಗೆ 10 ದಿನ ಬ್ಯಾಗಿಲ್ಲದ ಶಾಲೆ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಮಡಕಶಿರ ಭಾಗದಲ್ಲಿ ಇದಕ್ಕೆ ಜಾಗ ಹುಡುಕಬೇಕಿಲ್ಲ. ರತ್ನಗಿರಿ ಕೋಟೆ ಇದೆ, ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಇದೆ. ಆದರೆ ಬಸ್ಸು ಹತ್ತಿ, ಚಿತ್ರಾನ್ನ ತಿಂದು, ಫೋಟೊ ತೆಗೆಸಿಕೊಂಡು ಬಂದರೆ ಅದು ಪಾಠವಾಗದು.

ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಶಿಬಿರ ನಡೆಸಿದರು. ಸಿರಿವಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಒಟ್ಟಿಗೆ ಕರೆತಂದು, ನಾಲ್ಕು ತಂಡ ಮಾಡಿ, ಹುಡುಗರಲ್ಲೇ ಒಬ್ಬೊಬ್ಬನಿಗೆ ತಂಡದ ಹೊಣೆ ಕೊಟ್ಟರು.

ಇಲ್ಲೂ ಕನ್ನಡ ಮಾತಾಡುವ, ತೆಲುಗು ಮಾತಾಡುವ ಮಕ್ಕಳನ್ನು ಬೆರೆಸಿ ಆರೇಳು ಮಂದಿಯ ತಂಡ ಮಾಡಬೇಕು. ಹೇಮಾವತಿಯ ಗುಡಿ ಆವರಣವನ್ನು ಹೆಜ್ಜೆಯಲ್ಲಿ ಅಳೆದು ನಕ್ಷೆ ಬರೆಯಲಿ. ಸಂಜೆ ಮೇಷ್ಟ್ರು ಎಲ್ಲರನ್ನೂ ಕೂರಿಸಿ ಕೇಳಲಿ: ಯಾರ ಮಾತು ನಡೆಯಿತು? ಯಾರು ಬಾಯೇ ಬಿಡಲಿಲ್ಲ? ಜಗಳ ಹೇಗೆ ಬಗೆಹರಿಯಿತು? ಪಾಠ ಇರುವುದು ಈ ಪ್ರಶ್ನೆಗಳಲ್ಲೇ.

ನಾಳೆ ಒಂದೇ ಕೆರೆಯ ನೀರು, ಒಂದೇ ಸಂತೆ ಹಂಚಿಕೊಂಡು ಬಾಳಬೇಕಾದ ಮಕ್ಕಳಿವರು. ಬೇರೆ ಬೇರೆ ಬೆಂಚಿನಲ್ಲಿ ಕೂತೇ ಬೆಳೆದರೆ ನಷ್ಟ ಗಡಿಗೇ. ಶಿಕ್ಷಣ ಇಲಾಖೆ ಇತ್ತ ಗಮನ ಹರಿಸಲಿ.